ಬ್ರೂಕ್ಲಿನ್ ಬ್ರೌನ್‌ಸ್ಟೋನ್ ಮನೆಯ ಕೊನೇ ಮಹಡಿ ಬಾಡಿಗೆಗೆ ಹಿಡಿಯುವ ಮುಂಚೆ

ಪ್ರಶ್ನೆ: ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್ ಬಡಾವಣೆಯಲ್ಲಿ ನಾಲ್ಕು ಅಂತಸ್ತಿನ ಹಳೇ ಬ್ರೌನ್‌ಸ್ಟೋನ್ (ಕಂದು ಕಲ್ಲಿನ ಮುಂಗೋಡೆಯ) ಮನೆ. ಕೆಳಗಿನ ಎರಡರಲ್ಲಿ ಓನರ್, ಮೂರನೆಯದರಲ್ಲಿ ಇನ್ನೊಂದು ಕುಟುಂಬ, ಕೊನೆಯದು ಖಾಲಿ. ಲಿಫ್ಟ್ ಇಲ್ಲ. ನಮಗೆ ಮೂರು ವರ್ಷದ ಮಗು. ಸಹಿ ಹಾಕುವ ಮುಂಚೆ ಏನೇನು ನೋಡಬೇಕು, ತಿಳಿದವರು ದಯವಿಟ್ಟು ಹೇಳಿ.

ಉತ್ತರ 1
ಮೊದಲು ತಲೆಯೆತ್ತಿ ನೋಡಿ. ಈ ಮನೆಗಳದ್ದು ಚಪ್ಪಟೆ ಚಾವಣಿ, ಸಾಮಾನ್ಯವಾಗಿ ಹಿತ್ತಲ ಕಡೆಗೆ ತುಸು ಇಳಿಜಾರು. ಸೋರುವುದು ಹೆಚ್ಚಾಗಿ ಮೂರು ಕಡೆ: ಮೆಟ್ಟಿಲ ಮೇಲಿನ ಸ್ಕೈಲೈಟ್ (ಚಾವಣಿಯ ಗಾಜಿನ ಬೆಳಕಿಂಡಿ) ಸುತ್ತ, ಚಿಮಣಿ ಬುಡದಲ್ಲಿ, ಹಿಂಗೋಡೆಯ ಅಂಚಿನಲ್ಲಿ. ಕಂದು ಕಲೆ ಕಂಡರೆ ಸರಿ, ಗೊತ್ತಾಗುತ್ತದೆ. ಸೀಲಿಂಗ್‌ನಲ್ಲಿ ಒಂದೇ ತುಂಡಿಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಬಿಡದೆ ಕೇಳಿ. ಮಳೆ ಬಂದ ಮಾರನೇ ದಿನ ಇನ್ನೊಮ್ಮೆ ಹೋಗಿ ಬನ್ನಿ. ಮೇಲೆ ಕಪ್ಪು ಟಾರು ಮಾತ್ರ ಇದ್ದು, ಸೀಲಿಂಗ್‌ಗೂ ಚಾವಣಿಗೂ ನಡುವೆ ಇನ್ಸುಲೇಶನ್ (ಶಾಖ ತಡೆಯುವ ಪದರ) ಇಲ್ಲದಿದ್ದರೆ ಜುಲೈ ರಾತ್ರಿಗಳಲ್ಲೂ ಕೋಣೆ ತಣಿಯುವುದಿಲ್ಲ.

ಉತ್ತರ 2
ಮಗು ಇರುವುದರಿಂದ ಎರಡು ವಿಷಯ ಬಿಡಬೇಡಿ. 1960ಕ್ಕೆ ಮುಂಚಿನ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಸೀಸದ ಬಣ್ಣದ ತಪಾಸಣೆ ಓನರ್ ಹೊಣೆ. ಹೆಚ್ಚು ಅಪಾಯ ಮೇಲೆ-ಕೆಳಗೆ ಸರಿಯುವ ಹಳೇ ಮರದ ಕಿಟಕಿಯಲ್ಲಿ, ಉಜ್ಜಿ ಉಜ್ಜಿ ಪುಡಿ ಉದುರುತ್ತದೆ. ಇನ್ನೊಂದು ಕಿಟಕಿ ಸರಳು: ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿದ್ದರೆ ಓನರೇ ಹಾಕಿಸಿಕೊಡಬೇಕು. ಫೈರ್ ಎಸ್ಕೇಪ್‌ಗೆ (ಬೆಂಕಿ ಬಿದ್ದಾಗ ಇಳಿಯುವ ಹೊರಗಿನ ಕಬ್ಬಿಣದ ಮೆಟ್ಟಿಲು) ತೆರೆಯುವ ಕಿಟಕಿಗೆ ಮಾತ್ರ ಸರಳೂ ಬೇಡ, ಏಸಿಯೂ ಬೇಡ.

ಉತ್ತರ 3
ಮೆಟ್ಟಿಲು ಅಳೆಯಿರಿ. ಕೊನೇ ಹಂತದ ಮೆಟ್ಟಿಲು ಎಷ್ಟೋ ಮನೆಗಳಲ್ಲಿ ಕೆಳಗಿನದಕ್ಕಿಂತ ಕಿರಿದು. 60 x 80 ಇಂಚಿನ ಕ್ವೀನ್ ಹಾಸಿಗೆ ಬಗ್ಗಿಸಿ ಹತ್ತಿಸಬಹುದು, ಅದರ ಕೆಳಗಿಡುವ ಮರದ ಚೌಕಟ್ಟು, ಬಾಕ್ಸ್ ಸ್ಪ್ರಿಂಗ್, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ತುಂಡಾಗಿ ಬರುವುದನ್ನೇ ಕೊಳ್ಳಿ.

ಉತ್ತರ 4
ಕರೆಂಟು. ಹಳೇ ಮನೆಯಲ್ಲಿ ಅಡುಗೆಮನೆಗೂ ಪಕ್ಕದ ಕೋಣೆಗೂ ಒಂದೇ 15 ಆಂಪ್ ಸರ್ಕ್ಯೂಟ್ ಇರುವುದುಂಟು. 8,000 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಕಿಟಕಿ ಏಸಿಗೆ ಸುಮಾರು 6–7 ಆಂಪ್, ಮೈಕ್ರೋವೇವ್‌ಗೆ 10ಕ್ಕಿಂತ ಹೆಚ್ಚು. ಎರಡೂ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುತ್ತದೆ. ಊರಿನಿಂದ 750 ವ್ಯಾಟ್ ಮಿಕ್ಸಿ ತಂದಿದ್ದರೆ 110ರಿಂದ 220ಕ್ಕೆ ಏರಿಸುವ, ಕನಿಷ್ಠ 1,500 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನೂ ಆ ಲೆಕ್ಕಕ್ಕೆ ಸೇರಿಸಿ. ಒಲೆ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಹಾಕುತ್ತದೋ, ಸೋಸಿ ಮತ್ತೆ ಒಳಗೇ ಬಿಡುತ್ತದೋ ನೋಡಿ. ಒಳಗೇ ಬಿಡುವಂಥದ್ದಾದರೆ ಒಗ್ಗರಣೆ ಹಾಕಿದಾಗೆಲ್ಲ ಸ್ಮೋಕ್ ಅಲಾರಂ ಕೂಗುತ್ತದೆ.

ಉತ್ತರ 5
ಕಾಗದಪತ್ರದ ಮಾತು. ನಗರದ ಕಟ್ಟಡ ಇಲಾಖೆಯ ದಾಖಲೆಯಲ್ಲಿ ಅದು ಮೂರು ಕುಟುಂಬದ ಮನೆ ಎಂದಿದೆಯೇ ನೋಡಿ. ಎರಡು ಎಂದಿದ್ದರೆ ಮೂರನೆಯದು ಅಕ್ರಮ; ಖಾಲಿ ಮಾಡಿಸುವ ಆದೇಶ ಬಂದರೆ ಬೀದಿಗೆ ಬೀಳುವವರು ನೀವು. ಅಡ್ವಾನ್ಸ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ; ಬಿಟ್ಟ 14 ದಿನದೊಳಗೆ ಲೆಕ್ಕ ಸಮೇತ ಹಿಂತಿರುಗಿಸಬೇಕು. 2025ರ ಜೂನ್ 11ರಿಂದ ಬ್ರೋಕರ್ ಫೀಸು ಬ್ರೋಕರನ್ನು ಕರೆಸಿದವರದ್ದು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಹೀಟ್ ಬಾಡಿಗೆಯಲ್ಲೇ ಸೇರಿದೆ ಅಂದರು, ಒಂದೇ ಕೊಳವೆಯ ಹಬೆ ರೇಡಿಯೇಟರ್ (ಹಬೆಯಿಂದ ಕೋಣೆ ಬೆಚ್ಚಗೆ ಮಾಡುವ ಕಬ್ಬಿಣದ ಸಾಧನ). ಬೇಸಿಗೆಯಲ್ಲಿ ಅದನ್ನು ನೋಡುವುದು ಹೇಗೆ?

ಉತ್ತರ 6
ಹಬೆ ಹತ್ತುವುದೂ, ತಣಿದ ನೀರು ಇಳಿಯುವುದೂ ಆ ಒಂದೇ ಕೊಳವೆಯಲ್ಲಿ. ಆದ್ದರಿಂದ ರೇಡಿಯೇಟರ್ ತನ್ನ ವಾಲ್ವ್ ಕಡೆಗೆ ತುಸು ವಾಲಿರಬೇಕು. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ವಾಲಿಲ್ಲದಿದ್ದರೆ ಎದುರು ತುದಿಯ ಕಾಲುಗಳ ಕೆಳಗೆ ಕಾಲಿಂಚಿನ ಮರದ ಚಕ್ಕೆ ಸಾಕು. ವಾಲ್ವ್ ಪೂರ್ತಿ ತೆರೆದಿರಲಿ ಅಥವಾ ಪೂರ್ತಿ ಮುಚ್ಚಿರಲಿ. ಅರ್ಧ ತಿರುಗಿಸಿದರೆ ನೀರು ಒಳಗೇ ನಿಂತು, ರಾತ್ರಿಯೆಲ್ಲ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಎದುರು ತುದಿಯ ಪುಟ್ಟ ಏರ್ ವೆಂಟ್‌ನ ತೂತಿಗೆ ಬಣ್ಣ ಮೆತ್ತಿದ್ದರೆ ಗಾಳಿ ಹೊರಹೋಗದು, ಹಬೆ ಒಳಬಾರದು. ಹೊಸ ವೆಂಟ್ ಹಾಕಿಸಿಕೊಡುವಂತೆ ಈಗಲೇ ಹೇಳಿ.

ಎಲ್ಲಕ್ಕಿಂತ ಮುಖ್ಯ, ಥರ್ಮೋಸ್ಟಾಟ್ (ಬಿಸಿ ನೋಡಿ ಬಾಯ್ಲರ್ ಓಡಿಸುವ, ನಿಲ್ಲಿಸುವ ಸ್ವಿಚ್ಚು) ಎಲ್ಲಿದೆ ಕೇಳಿ. ಓನರ್ ಮಹಡಿಯಲ್ಲಿದ್ದರೆ, ಅವರ ಕೋಣೆ ಬೆಚ್ಚಗಾದೊಡನೆ ಬಾಯ್ಲರ್ ನಿಲ್ಲುತ್ತದೆ. ಹಬೆ ನಿಮ್ಮ ತನಕ ಬಂದಿರುವುದೇ ಇಲ್ಲ. ನಿಯಮ ನಿಮ್ಮ ಪರವಾಗಿದೆ: ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು 6ರಿಂದ ರಾತ್ರಿ 10ರ ನಡುವೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದರೆ ಒಳಗೆ 68 ಇರಲೇಬೇಕು, ರಾತ್ರಿ ಹೊರಗೆ ಎಷ್ಟೇ ಇದ್ದರೂ ಒಳಗೆ 62. ಗೋಡೆಗೊಂದು ಅಗ್ಗದ ಥರ್ಮಾಮೀಟರ್ ನೇತುಹಾಕಿ, ದಿನಾಂಕ, ಗಂಟೆ, ಡಿಗ್ರಿ ಬರೆದಿಡಿ. ಮೊದಲು ಓನರ್‌ಗೆ ಮೆಸೇಜು, ಆಗಲಿಲ್ಲವೆಂದರೆ ನಗರದ ದೂರು ಸಹಾಯವಾಣಿ 311ಕ್ಕೆ ಫೋನು.