ಡಬಲ್ ಬೇಸ್‌ಗೆ ಯಾವ ಪ್ರೀಆಂಪ್ ತಗೊಳ್ಳಲಿ? – ಸೌಂಡ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ರಾಬರ್ಟ್‌ಸನ್‌ಪೇಟೆ, ಕೆಜಿಎಫ್):

ನಮಸ್ಕಾರ ಸರ್. ನಾನು ಡಬಲ್ ಬೇಸ್ ನುಡಿಸುತ್ತೇನೆ. ಆಳಿಗಿಂತ ಎತ್ತರ ಇರುತ್ತದಲ್ಲ, ನಿಂತುಕೊಂಡು ನುಡಿಸುವ ಆ ಮರದ ವಾದ್ಯ. ಚರ್ಚ್‌ನಲ್ಲಿ ಕ್ವಯರ್ ಜೊತೆ, ಡಿಸೆಂಬರ್‌ನಲ್ಲಿ ಕ್ಯಾರಲ್, ಉಳಿದಂತೆ ಕೋಲಾರ, ಬಂಗಾರಪೇಟೆ ಕಡೆ ಮದುವೆ ರಿಸೆಪ್ಷನ್‌ಗಳು. ತಂತಿ ಹೊರುವ ಬ್ರಿಡ್ಜ್‌ಗೆ ಪೀಜೋ ಪಿಕಪ್ (ಅದರ ನಡುಕವನ್ನು ಸಿಗ್ನಲ್ ಮಾಡುವ ಚೂರು) ಹಾಕಿಸಿದ್ದೇನೆ. ಸ್ವಂತ ಆಂಪ್ ಇಲ್ಲ. ಮೈಕ್ ಸೆಟ್‌ನವರ ಮಿಕ್ಸರ್‌ಗೇ ವೈರ್ ಕೊಡುತ್ತೇನೆ. ಧ್ವನಿ ಸೊಳ್ಳೆ ಗುಯ್‌ಗುಟ್ಟಿದ ಹಾಗೆ ತೆಳ್ಳಗೆ ಬರುತ್ತದೆ. ಮಿಕ್ಸರ್‌ನಲ್ಲಿ ಬೇಸ್ ಏರಿಸಿದರೆ ಹೌಲಿಂಗ್, ಅಂದರೆ ಸ್ಪೀಕರ್ ಕೂಗುವುದು ಶುರು. ಎಲ್ಲರೂ ಪ್ರೀಆಂಪ್ (ಪಿಕಪ್‌ಗೂ ಮಿಕ್ಸರ್‌ಗೂ ನಡುವೆ ಹಾಕಿ ಸಿಗ್ನಲ್ ಸರಿಮಾಡುವ ಪೆಟ್ಟಿಗೆ) ತಗೋ ಅಂತಾರೆ. ನೋಡಿದರೆ ಕೆಲವು ಸಾವಿರದಿಂದ ಲಕ್ಷದ ಹತ್ತಿರದವರೆಗೂ ಇದೆ. ಯಾವುದು ತಗೊಳ್ಳಲಿ?

ಉತ್ತರ:

ಮೊದಲು ಒಂದು ಖುಷಿಯ ಮಾತು. ಗಣಿ ನಡೆಯುತ್ತಿದ್ದ ಕಾಲದಿಂದಲೂ ನಿಮ್ಮೂರಲ್ಲಿ ಬ್ಯಾಂಡ್ ವಾದ್ಯಗಳನ್ನು ನುಡಿಸುವವರು ಇದ್ದಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿ ಒಬ್ಬರು ಡಬಲ್ ಬೇಸ್ ಹಿಡಿದು ನಿಂತಿದ್ದಾರೆ ಅಂದರೆ ನನಗೆ ನಿಜವಾಗಿ ಸಂತೋಷ. ಅದು ಜನರಿಗೆ ಸರಿಯಾಗಿ ಕೇಳಿಸಲೇಬೇಕು.

ನಿಮಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ತೆಳ್ಳಗಿನ ಧ್ವನಿ ಒಂದು, ಹೌಲಿಂಗ್ ಇನ್ನೊಂದು. ಮೊದಲನೆಯದನ್ನು ಸರಿಯಾದ ಪ್ರೀಆಂಪ್ ಪೂರ್ತಿ ಸರಿಮಾಡುತ್ತದೆ. ಎರಡನೆಯದಕ್ಕೆ ಅದು ಅರ್ಧ ಔಷಧ ಮಾತ್ರ.

ತೆಳ್ಳಗೆ ಯಾಕೆ ಬರುತ್ತದೆ ಅಂತ ನೋಡೋಣ. ಪೀಜೋ ಅಂದರೆ ಒತ್ತಡ ಬಿದ್ದಾಗ ಸಣ್ಣ ವೋಲ್ಟೇಜ್ ಕೊಡುವ ಚೂರು. ಸರ್ಕ್ಯೂಟ್ ಲೆಕ್ಕದಲ್ಲಿ ಅದು ಒಂದು ಕೆಪಾಸಿಟರ್. ಕೆಪಾಸಿಟರ್ ಮುಂದೆ ಕಡಿಮೆ ಓಂ ಇರುವ ಇನ್‌ಪುಟ್ ಸಿಕ್ಕಿದರೆ ಕೆಳಗಿನ ಸ್ವರಗಳು ಅಲ್ಲೇ ಸೋರಿಹೋಗುತ್ತವೆ. ಎಲ್ಲಿಂದ ಕೆಳಗೆ ಸೋರುತ್ತದೆ ಅಂತ ಲೆಕ್ಕ ಹಾಕಬಹುದು: 1ನ್ನು 2, ಪೈ, ಓಂ, ಕೆಪಾಸಿಟನ್ಸ್ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಆಯಿತು. ಉದಾಹರಣೆಗೆ ಪಿಕಪ್ 1 ನ್ಯಾನೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಮಿಕ್ಸರ್‌ನ ಲೈನ್ ಇನ್‌ಪುಟ್ 10 ಕಿಲೋ ಓಂ ಇದ್ದರೆ ಉತ್ತರ ಸುಮಾರು 16,000 ಹರ್ಟ್ಜ್. ಅದರ ಕೆಳಗಿನದೆಲ್ಲ ಇಳಿಜಾರಿನಲ್ಲಿದೆ. ಅಂದರೆ ನಿಮ್ಮ ಇಡೀ ವಾದ್ಯವೇ ಇಳಿಜಾರಿನಲ್ಲಿದೆ! 1 ಮೆಗಾ ಓಂ ಆದರೆ 159 ಹರ್ಟ್ಜ್. 10 ಮೆಗಾ ಓಂ ಆದರೆ 16 ಹರ್ಟ್ಜ್.

ಈಗ ನಿಮ್ಮ ತಂತಿಗಳನ್ನು ನೋಡಿ. ಬಿಡಿ ತಂತಿಗಳಲ್ಲಿ ಇ 41 ಹರ್ಟ್ಜ್, ಎ 55, ಡಿ 73, ಜಿ 98. ನಾಲ್ಕೂ 159ರ ಕೆಳಗೇ ಇವೆ. ಅದಕ್ಕೇ ಇಂಥ ಪಿಕಪ್‌ಗೆ 1 ಮೆಗಾ ಓಂ ಕೂಡ ಸಾಲದು, 10 ಬೇಕು. ಆದರೆ ಎಲ್ಲ ಪೀಜೋ ಒಂದೇ ಅಲ್ಲ. ಪಿಕಪ್ 5 ನ್ಯಾನೋಫ್ಯಾರಡ್ ಇದ್ದರೆ 1 ಮೆಗಾ ಓಂನಲ್ಲೇ 32 ಹರ್ಟ್ಜ್‌ವರೆಗೆ ಇಳಿಯುತ್ತದೆ, ಸಾಕು. ಹಾಗಾಗಿ ಪ್ರೀಆಂಪ್ ಹುಡುಕುವ ಮೊದಲು ಪಿಕಪ್ ಜೊತೆ ಬಂದ ಕಾಗದ ತೆಗೆದು ಓದಿ. ಎಷ್ಟು ಇನ್‌ಪುಟ್ ಇಂಪೀಡೆನ್ಸ್ (ಇಷ್ಟು ಹೊತ್ತು ಹೇಳಿದ ಓಂ ಲೆಕ್ಕವೇ) ಬೇಕು ಅಂತ ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಪ್ರೀಆಂಪ್ ಆರಿಸುವಾಗ ನಾನು ಮೊದಲು ನೋಡುವುದು ಈ ಒಂದು ಅಂಕಿ. ಬ್ರ್ಯಾಂಡ್ ಹೆಸರು ಆಮೇಲೆ.

ಇಷ್ಟು ತಿಳಿದರೆ ಮಿಕ್ಸರ್‌ನಲ್ಲಿ ಬೇಸ್ ಏರಿಸಿದಾಗ ಏನಾಗುತ್ತದೆ ಅಂತಲೂ ಗೊತ್ತಾಗುತ್ತದೆ. ಸೋರಿಹೋದ ಸ್ವರವನ್ನು ಎಳೆದು ತರಲು ಹೋಗಿ ಸ್ಟೇಜಿನ ಧಡಧಡ, ಜನರೇಟರ್ ಗುಂ ಎಲ್ಲವನ್ನೂ ಜೊತೆಗೆ ಏರಿಸುತ್ತೀರಿ.

ಹೌಲಿಂಗ್ ವಿಷಯ ಸ್ವಲ್ಪ ಬೇರೆ. ಡಬಲ್ ಬೇಸ್‌ನ ಹೊಟ್ಟೆಯೊಳಗಿನ ಗಾಳಿ ಮತ್ತು ಮೇಲಿನ ಹಲಗೆ ಸುಮಾರು 60ರಿಂದ 110 ಹರ್ಟ್ಜ್ ನಡುವೆ ತಾವೇ ಅನುರಣಿಸುತ್ತವೆ. ವಾದ್ಯಕ್ಕೆ ಆ ಮೈತುಂಬಿದ ನಾದ ಬರುವುದೇ ಅದರಿಂದ. ಸ್ಪೀಕರ್‌ನಿಂದ ಅದೇ ಸ್ವರ ವಾಪಸ್ ಬಂದು ಹಲಗೆಗೆ ಬಡಿದರೆ ಹಲಗೆ ನಡುಗುತ್ತದೆ, ಪಿಕಪ್ ಅದನ್ನು ಮತ್ತೆ ಕಳಿಸುತ್ತದೆ, ಸುತ್ತು ಶುರು. ಇದಕ್ಕೆ ಪ್ರೀಆಂಪ್‌ನಲ್ಲಿ ಮೂರು ಸೌಲಭ್ಯ ಬೇಕು: ಹೈಪಾಸ್ ಫಿಲ್ಟರ್ (ಇಟ್ಟ ಅಂಕಿಗಿಂತ ಕೆಳಗಿನ ಸ್ವರಗಳನ್ನು ಕತ್ತರಿಸುವುದು, ಲೋ ಕಟ್ ಅಂದರೂ ಇದೇ), ಫೇಸ್ ಸ್ವಿಚ್ (ಸಿಗ್ನಲ್ಲನ್ನು ಉಲ್ಟಾ ಮಾಡುವುದು), ನಾಚ್.

ಇವುಗಳಲ್ಲಿ ಹೈಪಾಸ್ ನನಗೆ ಎಲ್ಲಕ್ಕಿಂತ ಮುಖ್ಯ. ಅದರ ನಾಬ್ ತಿರುಗಿಸುವಂತಿರಬೇಕು, ಒಂದೇ ಕಡೆ ನಿಲ್ಲಿಸಿದ್ದಲ್ಲ. ಒಳ್ಳೆಯ ಹಾಲ್‌ನಲ್ಲಿ 35–40ಕ್ಕೆ ಇಡಿ. ಗದ್ದಲದ ಛತ್ರದಲ್ಲಿ 60–80ರವರೆಗೂ ಏರಿಸಿ. ಇ ತಂತಿಯೇ ಹೋಗಿಬಿಡುತ್ತದಲ್ಲ ಅಂತ ಹೆದರುವುದು ಬೇಡ. ಆ ತಂತಿ ಮೀಟಿದಾಗ 41 ಜೊತೆಗೆ 82, 123 ಹೀಗೆ ಮೇಲಿನವೂ ಹುಟ್ಟುತ್ತವೆ. ಅಡಿಯ 41 ಕಡಿಮೆಯಾದರೂ ಕಿವಿ ಮೇಲಿನವುಗಳಿಂದಲೇ ಸ್ವರ ಗುರುತಿಸುತ್ತದೆ. ಬಹಳ ಸಲ ಹೀಗೆ ಕತ್ತರಿಸಿದ ಮೇಲೆಯೇ ಬೇಸ್ ಸ್ಪಷ್ಟವಾಗಿ ಕೇಳಿಸುತ್ತದೆ.

ಫೇಸ್ ಸ್ವಿಚ್ ಯಾವ ಕಡೆ ಇರಬೇಕು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. 60 ಹರ್ಟ್ಜ್ ಅಲೆಯ ಉದ್ದ ಸುಮಾರು 5.7 ಮೀಟರ್. ಸ್ಪೀಕರ್‌ನಿಂದ ನೀವು ಮೂರು ಮೀಟರ್ ಆಚೀಚೆ ಆದರೆ ಲೆಕ್ಕ ಉಲ್ಟಾ. ಪ್ರತಿ ಸ್ಟೇಜಿನಲ್ಲೂ ಎರಡೂ ಕಡೆ ಹಾಕಿ ನೋಡಿ, ಯಾವುದರಲ್ಲಿ ಕಡಿಮೆ ಕೂಗುತ್ತದೋ ಅಲ್ಲಿ ಬಿಡಿ. ಅದಾದ ಮೇಲೂ ಒಂದೇ ಸ್ವರ ಹಟ ಹಿಡಿದು ಕೂಗಿದರೆ ನಾಚ್ ಬಳಸಿ. ಅದು ಆ ಸ್ವರದ ಸುತ್ತ ಮಾತ್ರ ಕಿರಿದಾಗಿ ಕತ್ತರಿಸುತ್ತದೆ.

ಇನ್ನು ಪೆಟ್ಟಿಗೆಗಳು. ಡಿಐ ಅಂದರೆ ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ತಕ್ಕ ಹಾಗೆ ಮಾಡಿ ಕಳಿಸುವ ಪೆಟ್ಟಿಗೆ. ಎಲ್ ಆರ್ ಬ್ಯಾಗ್ಸ್‌ನ ಪ್ಯಾರಾ ಅಕೌಸ್ಟಿಕ್ ಡಿಐ ಇನ್‌ಪುಟ್ 10 ಮೆಗಾ ಓಂ. ನಾಚ್ ಇದೆ, ಫೇಸ್ ಇದೆ, 9 ವೋಲ್ಟ್ ಬ್ಯಾಟರಿಯಲ್ಲೂ ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್‌ನಲ್ಲೂ (ಮೈಕ್ ವೈರ್‌ನಲ್ಲೇ ಮಿಕ್ಸರ್ ಕಳಿಸುವ ಪವರ್) ನಡೆಯುತ್ತದೆ. ಫಿಶ್‌ಮನ್ ಪ್ಲ್ಯಾಟಿನಮ್ ಪ್ರೋ ಇಕ್ಯೂನಲ್ಲಿ ಗಿಟಾರ್, ಬೇಸ್ ಎರಡಕ್ಕೂ ಬದಲಿಸುವ ಸ್ವಿಚ್ ಇದೆ, ತಿರುಗಿಸುವ ಲೋ ಕಟ್ ಇದೆ, ಟ್ಯೂನರ್ ಕೂಡ ಒಳಗೇ ಇದೆ. ಬರೀ ಡಿಐ ಸಾಕು ಅನ್ನುವವರಿಗೆ ರೇಡಿಯಲ್‌ನ ಪೀಜೆಡ್-ಡಿಐ. ಅದರಲ್ಲಿ ಪಿಕಪ್‌ಗೆ ತಕ್ಕ ಹಾಗೆ ಲೋಡ್ ಬದಲಿಸಬಹುದು. ಗ್ರೇಸ್ ಡಿಸೈನ್‌ನ ಫೆಲಿಕ್ಸ್, ಹೆಡ್‌ವೇಯ ಇಡಿಬಿ-2 ಎರಡು ಚಾನೆಲ್ಲಿನವು. ಪಿಕಪ್ ಜೊತೆ ಮೈಕೂ ಸೇರಿಸುವವರಿಗೆ ಅವು. ರಿಸೆಪ್ಷನ್ ಗಲಾಟೆಯಲ್ಲಿ ಮೈಕ್ ಸೇರಿಸಿ ಪ್ರಯೋಜನ ಇಲ್ಲ. ಆದ್ದರಿಂದ ಆ ದುಡ್ಡು ನಿಮಗೆ ಸದ್ಯ ಬೇಡ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಅದೇ ಓದುಗರು):

ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ಡೌಟು. ನಮ್ಮ ಗಿಟಾರ್ ಹುಡುಗನ ಹತ್ತಿರ ಬೇಸ್ ಗಿಟಾರ್‌ನ ಪ್ರೀಆಂಪ್ ಪೆಡಲ್ ಸುಮ್ನೆ ಬಿದ್ದಿದೆ. ಅದು ನಡೆಯುತ್ತಾ? ಮತ್ತೆ ಈಗ ಮೈಕ್ ಸೆಟ್‌ನವರು ಒಂದು ಕಡೆ ಮೊನೋ ಜ್ಯಾಕ್, ಇನ್ನೊಂದು ಕಡೆ ಎಕ್ಸ್‌ಎಲ್‌ಆರ್ (ಮೈಕ್‌ನ ಮೂರು ಪಿನ್ ಪ್ಲಗ್) ಬೆಸುಗೆ ಹಾಕಿದ ವೈರ್ ಕೊಡುತ್ತಾರೆ. ಅದರಲ್ಲೇನೂ ತೊಂದರೆ ಇಲ್ಲ ಅಲ್ವಾ?

ಉತ್ತರ:

ಪೆಡಲ್ ಹಾಕಿ ನೋಡಿ, ಖರ್ಚಿಲ್ಲ. ಅಂಥವುಗಳಲ್ಲಿ ಬಹಳಷ್ಟು 1 ಮೆಗಾ ಓಂ ಇರುತ್ತವೆ. ನಿಮ್ಮ ಪಿಕಪ್‌ಗೆ ಅದು ಸಾಕಾದರೆ ಅರ್ಧ ಕೆಲಸ ಆಯಿತು. ಆದರೆ ಬೇಸ್ ಗಿಟಾರ್ ಗಟ್ಟಿ ಮರ, ಅದಕ್ಕೆ ಈ ಹೌಲಿಂಗ್ ಕಾಟ ಇಲ್ಲ. ಹಾಗಾಗಿ ಆ ಪೆಡಲ್‌ಗಳಲ್ಲಿ ಹೈಪಾಸ್, ಫೇಸ್ ಸಾಮಾನ್ಯವಾಗಿ ಇರುವುದಿಲ್ಲ. ಹೈಪಾಸ್ ಒಂದನ್ನೇ ಬೇರೆ ಸಣ್ಣ ಪೆಟ್ಟಿಗೆಯಾಗಿ ಕೊಂಡು ಜೊತೆಗೆ ಹಾಕುವವರೂ ಇದ್ದಾರೆ.

ಆ ವೈರ್ ಮಾತ್ರ ದಯವಿಟ್ಟು ಬಿಡಿ. ಮಿಕ್ಸರ್‌ನ ಮೈಕ್ ಇನ್‌ಪುಟ್ ಬರೀ 2–3 ಕಿಲೋ ಓಂ. ಲೈನ್ ಇನ್‌ಪುಟ್‌ಗಿಂತಲೂ ಕೆಟ್ಟದು. ನಿಮ್ಮ ಸೊಳ್ಳೆ ಧ್ವನಿಗೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಜೊತೆಗೆ ಬೇರೆ ಯಾರಿಗೋ ಫ್ಯಾಂಟಮ್ ಆನ್ ಮಾಡಿದರೆ ಆ 48 ವೋಲ್ಟ್ ನೇರ ನಿಮ್ಮ ಪಿಕಪ್ ತನಕ ಬರುತ್ತದೆ. ಬರಬಾರದು.

ಪಿಕಪ್‌ನಿಂದ ಪ್ರೀಆಂಪ್‌ವರೆಗಿನ ವೈರ್ ಚಿಕ್ಕದಿರಲಿ. ಸಾಮಾನ್ಯ ವೈರ್‌ನಲ್ಲಿ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ. 1 ನ್ಯಾನೋಫ್ಯಾರಡ್ ಪಿಕಪ್‌ಗೆ 5 ಮೀಟರ್ ವೈರ್ ಹಾಕಿದರೆ ಸಿಗ್ನಲ್ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ. ಪ್ರೀಆಂಪನ್ನು ವಾದ್ಯದ ಹತ್ತಿರವೇ ಇಟ್ಟು, ಅಲ್ಲಿಂದ ಎಕ್ಸ್‌ಎಲ್‌ಆರ್‌ನಲ್ಲಿ ಎಷ್ಟು ದೂರ ಬೇಕಾದರೂ ಕಳಿಸಿ.

ಪ್ರಶ್ನೆ (ಚಿಂತಾಮಣಿ):

ಸರ್, ನಾನು ಪಿಟೀಲು ನುಡಿಸುತ್ತೇನೆ. ರಾಮನವಮಿ ಕಛೇರಿಗಳಿಗೆ, ಕೈವಾರದ ಗುರುಪೂರ್ಣಿಮೆ ಸಂಗೀತೋತ್ಸವಕ್ಕೆ ಹೋಗುತ್ತೇನೆ. ನನ್ನದೂ ಬ್ರಿಡ್ಜ್ ಪಿಕಪ್. ನನಗೂ ಇಷ್ಟೆಲ್ಲ ಬೇಕಾ?

ಉತ್ತರ:

ಮೇಡಂ, ನಿಮ್ಮ ಕೆಲಸ ಇದಕ್ಕಿಂತ ಸುಲಭ. ಕೆಳಗಿನ ಮಂದ್ರ ತಂತಿಯೇ ಡಬಲ್ ಬೇಸ್‌ನ ನಾಲ್ಕೂ ಬಿಡಿ ತಂತಿಗಿಂತ ಮೇಲಿದೆ. ಹೆಚ್ಚಿನ ಇಂಪೀಡೆನ್ಸ್ ನಿಮಗೂ ಬೇಕು, ಆದರೆ ಹೈಪಾಸನ್ನು ಧಾರಾಳವಾಗಿ 100 ಹರ್ಟ್ಜ್‌ವರೆಗೆ ಏರಿಸಬಹುದು. ಪಕ್ಕದ ಮೃದಂಗದ ತೊಪ್ಪಿ ನಿಮ್ಮ ಪಿಕಪ್‌ಗೆ ಬಡಿಯುವುದೂ ಕಡಿಮೆಯಾಗುತ್ತದೆ. ನಿಮಗೆ ಜಾಸ್ತಿ ಕಾಡುವುದು ಕಮಾನಿನ ಕರಕರ. 1ರಿಂದ 3 ಕಿಲೋ ಹರ್ಟ್ಜ್ ಮಧ್ಯೆ ಎಲ್ಲಿ ಚುಚ್ಚುತ್ತದೆ ಅಂತ ಹುಡುಕಿ ಸ್ವಲ್ಪ ಇಳಿಸಿ. ಕಛೇರಿ ಶಾಂತವಾಗಿದ್ದರೆ ಒಳ್ಳೆಯ ಮೈಕ್ ಒಂದೇ ಸಾಕು, ಅದರ ನಾದ ಪಿಕಪ್‌ಗೆ ಬರುವುದಿಲ್ಲ. ಸಭೆಯ ಕೊನೆಯವರಿಗೂ ಕೇಳಿಸಲಿ ಅಂತ ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ಮಾಡಿಸಿಕೊಂಡರು. ನಾದ ಕೆಡದೆ ದೂರ ಹೋಗಲಿ ಅನ್ನುವ ಆಸೆ ನಮ್ಮ ಸಂಗೀತಗಾರರಿಗೆ ಮೊದಲಿಂದಲೂ ಇದ್ದದ್ದೇ.

ಪ್ರಶ್ನೆ (ಮೈಕ್ ಸೆಟ್ ಮಾಲೀಕರು, ಬಂಗಾರಪೇಟೆ):

ಅಣ್ಣ, ಎಲ್ಲರೂ ನಮ್ಮ ಮೇಲೆ ಹೇಳ್ತಾರೆ. ಇಂಥ ವಾದ್ಯ ಬಂದಾಗ ನಾವೇನು ಮಾಡಬೇಕು ಹೇಳಿ. ನಮ್ಮ ಮಿಕ್ಸರ್‌ನಲ್ಲಿ ಫ್ಯಾಂಟಮ್‌ಗೆ ಒಂದೇ ಸ್ವಿಚ್. ಆನ್ ಮಾಡಿದರೆ ಹಾಡುವವರ ಮೈಕ್ ಸುಡುತ್ತಾ?

ಉತ್ತರ:

ಕೇಳಿದ್ದು ಬಹಳ ಒಳ್ಳೆಯದಾಯಿತು. ಸ್ಟೇಜಿನ ಅರ್ಧ ಸಮಸ್ಯೆ ಬಗೆಹರಿಯುವುದು ನಿಮ್ಮ ಕೈಯಲ್ಲೇ.

ಸಾಮಾನ್ಯ ಡೈನಮಿಕ್ ಮೈಕ್ ಸರಿಯಾದ ಎಕ್ಸ್‌ಎಲ್‌ಆರ್ ವೈರ್‌ನಲ್ಲಿದ್ದರೆ ಫ್ಯಾಂಟಮ್‌ನಿಂದ ಏನೂ ಆಗುವುದಿಲ್ಲ. ಹಾಳಾಗುವುದು ತಪ್ಪು ಬೆಸುಗೆ ಹಾಕಿದ ವೈರ್‌ನಿಂದ. ರಿಬ್ಬನ್ ಮೈಕ್, ಕೀಬೋರ್ಡ್‌ನಂಥವು ಎಕ್ಸ್‌ಎಲ್‌ಆರ್‌ಗೆ ಬಂದಿದ್ದರೆ ಮಾತ್ರ ಹುಷಾರು. ಆನ್ ಮಾಡುವ ಮೊದಲು ಎಲ್ಲ ಚಾನೆಲ್ ಮ್ಯೂಟ್ ಮಾಡಿ, ಇಲ್ಲದಿದ್ದರೆ ಸ್ಪೀಕರ್‌ಗೆ ಏಟು. ಡೌಟ್ ಇದ್ದರೆ ಪ್ರೀಆಂಪ್‌ಗೆ ಬ್ಯಾಟರಿ ಹಾಕಿಸಿ, ಫ್ಯಾಂಟಮ್ ತಂಟೆಯೇ ಬೇಡ.

ಡಬಲ್ ಬೇಸ್‌ನವರನ್ನು ಮುಖ್ಯ ಸ್ಪೀಕರ್‌ಗಳ ಹಿಂದೆ ನಿಲ್ಲಿಸಿ. ಸ್ಟೇಜಿನ ಮೂಲೆಗೆ ತಳ್ಳಬೇಡಿ, ಮೂಲೆಯಲ್ಲಿ ಕೆಳಗಿನ ಸ್ವರಗಳು ಗುಡ್ಡೆಯಾಗುತ್ತವೆ. ಸಬ್‌ವೂಫರನ್ನು ಸ್ಟೇಜಿನ ಹಲಗೆ ಮೇಲೆ ಇಡಬೇಡಿ. ಆ ನಡುಕ ವಾದ್ಯದ ಕೆಳಗಿನ ಕಡ್ಡಿಯಿಂದ ನೇರ ಪಿಕಪ್‌ಗೆ ಹತ್ತುತ್ತದೆ. ಅವರ ಮಾನಿಟರ್‌ಗೆ ಬೇಸ್ ಸ್ವಲ್ಪವೇ ಕೊಡಿ, ವಾದ್ಯ ಅವರ ಮೈಗೇ ಅಂಟಿಕೊಂಡಿರುತ್ತದೆ. ಮಿಕ್ಸರ್ ಚಾನೆಲ್ಲಿನ ಲೋ ಕಟ್ ಬಟನ್ ಸಾಮಾನ್ಯವಾಗಿ 75–100 ಹರ್ಟ್ಜ್‌ಗೆ ಕತ್ತರಿಸುತ್ತದೆ. ಅವರ ಪ್ರೀಆಂಪ್‌ನಲ್ಲೇ ಹೈಪಾಸ್ ಇದ್ದರೆ ಇದನ್ನು ಒತ್ತಬೇಡಿ. ಜನರೇಟರ್‌ಗೆ ಬದಲಾದಾಗ ಗುಂ ಬಂದರೆ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪವರ್ ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಅದು ಜೀವದ ಪ್ರಶ್ನೆ.

ಪ್ರಶ್ನೆ (ರಾಬರ್ಟ್‌ಸನ್‌ಪೇಟೆ ಓದುಗರು ಮತ್ತೆ):

ಸರ್, ಕಾಗದ ಸಿಕ್ಕಿತು. 1 ಮೆಗಾ ಓಂ ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದಿದೆ. ನಾನು ಕೆಲವು ಹಾಡಿಗೆ ಕಮಾನೂ ಬಳಸುತ್ತೇನೆ. ಈಗ ಒಂದೇ ಒಂದು ಹೆಸರು ಹೇಳಿ ಅಂದರೆ?

ಉತ್ತರ:

ಫಿಶ್‌ಮನ್ ಪ್ಲ್ಯಾಟಿನಮ್ ಪ್ರೋ. ಬೇಸ್ ಕಡೆ ಸ್ವಿಚ್, ತಿರುಗಿಸುವ ಲೋ ಕಟ್, ಫೇಸ್, ನಾಚ್ ಎಲ್ಲ ಒಂದರಲ್ಲೇ ಸಿಗುತ್ತದೆ. ಕಾಲಲ್ಲಿ ಒತ್ತಿ ಮ್ಯೂಟ್ ಮಾಡಬಹುದು, ವಾದ್ಯ ಮಲಗಿಸುವಾಗ ಅದು ಬೇಕೇ ಬೇಕು. ಬೆಂಗಳೂರಿಗೆ ಹೋದಾಗ ಅಂಗಡಿಗೆ ನಿಮ್ಮ ವಾದ್ಯವನ್ನೇ ತಗೊಂಡು ಹೋಗಿ, ಅಥವಾ ವಾಪಸ್ ಕೊಡುವ ಅವಕಾಶ ಇರುವ ಕಡೆ ಕೊಳ್ಳಿ. ಆದರೆ ಅದಕ್ಕೂ ಮೊದಲು ಗಿಟಾರ್ ಹುಡುಗನ ಪೆಡಲ್ ಇಸ್ಕೊಂಡು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್‌ನಲ್ಲಿ ಹಾಕಿ ನೋಡಿ. ಧ್ವನಿ ಅಲ್ಲೇ ತುಂಬಿಕೊಂಡರೆ ನಿಮಗೆ ಕೊಳ್ಳಬೇಕಾದ್ದು ಹೈಪಾಸ್ ಪೆಟ್ಟಿಗೆ ಮಾತ್ರ. ಕಮಾನಿನ ಹಾಡುಗಳನ್ನೂ ನುಡಿಸಿ, ಕ್ವಯರ್‌ನವರೊಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಕೇಳಿಸಿ. ಏನಾಯಿತು ಅಂತ ಇಲ್ಲೇ ಬರೆಯಿರಿ, ಮುಂದಿನ ಸೆಟ್ಟಿಂಗ್ ಒಟ್ಟಿಗೆ ನೋಡೋಣ.