‘ಸ್ಪೀಷಸ್’ ಎಂಬ ಪದವನ್ನು ಯಾವುದಕ್ಕೆ ಬಳಸಬೇಕು?

ಪ್ರಶ್ನೆ:
ಇಂಗ್ಲಿಷಿನ ‘ಸ್ಪೀಷಸ್’ ಪದಕ್ಕೆ ನಿಘಂಟಿನಲ್ಲಿ ‘ತೋರಿಕೆಗೆ ಮಾತ್ರ ಸರಿಯಾದ’ ಎಂಬ ಅರ್ಥ ಸಿಕ್ಕಿತು. ಹಾಗಿದ್ದರೆ ಸಜ್ಜನನಂತೆ ನಟಿಸುವವನನ್ನಾಗಲಿ, ಅಸಲಿಯಂತೆ ಕಾಣುವ ನಕಲಿ ಔಷಧಿಯನ್ನಾಗಲಿ ಈ ಪದದಿಂದ ಬಣ್ಣಿಸಬಹುದೇ? ನನ್ನ ಪ್ರಬಂಧದಲ್ಲಿ ಹಾಗೆ ಬರೆದಿದ್ದೆ. ತಿದ್ದಿದವರು ಅದರ ಕೆಳಗೆ ಗೆರೆ ಎಳೆದರೇ ಹೊರತು ಕಾರಣ ತಿಳಿಸಲಿಲ್ಲ.

ಉತ್ತರ 1:
ಗೆರೆ ಎಳೆದದ್ದು ಸರಿ. ಇಂದಿನ ಬಳಕೆಯಲ್ಲಿ ಈ ವಿಶೇಷಣ ಹೆಚ್ಚಾಗಿ ವಾದ, ತರ್ಕ, ಸಮರ್ಥನೆ, ಹೋಲಿಕೆಗಳ ಜೊತೆಯಲ್ಲೇ ಬರುತ್ತದೆ. ನಟಿಸುವವನಿಗೆ ‘ಹಿಪೊಕ್ರಿಟ್’ ಎಂಬ ಪದವಿದೆ. ನಕಲಿ ಔಷಧಿಗೆ ‘ಸ್ಪ್ಯೂರಿಯಸ್’ ಒಪ್ಪುತ್ತದೆ. ಸ್ಪೀಷಸ್, ಸ್ಪ್ಯೂರಿಯಸ್ ಎರಡೂ ಕಿವಿಗೆ ಹತ್ತಿರವಾದರೂ ಒಂದೇ ಬೇರಿನವಲ್ಲ. ‘ಸ್ಪೀಷಸ್’ ಹುಟ್ಟಿದ್ದು ‘ಚೆಲುವಾದ’ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅದರ ಹಿಂದೆ ‘ನೋಟ, ರೂಪ’ ಎಂಬರ್ಥದ ಇನ್ನೊಂದು ಪದವಿದ್ದು, ಜೀವಶಾಸ್ತ್ರದ ‘ಸ್ಪೀಷೀಸ್’ (ಜೀವಿಗಳ ಪ್ರಭೇದ) ಕೂಡ ಅಲ್ಲಿಂದಲೇ ಬಂದಿದೆ. ಇಂಗ್ಲಿಷಿನಲ್ಲಿಯೂ ಮೊದಲು ಅದು ಕಣ್ಣಿಗೆ ಹಿತವಾದುದನ್ನೇ ಸೂಚಿಸುತ್ತಿತ್ತು. 17ನೇ ಶತಮಾನದಲ್ಲಿ ‘ಸರಿಯೆಂದು ತೋರುವ, ಆದರೆ ಸರಿಯಲ್ಲದ’ ಎಂಬ ಅರ್ಥ ಬಳಕೆಗೆ ಬಂದಿತು. ಆ ಹಳೆಯ ಚೆಲುವು ಪದದೊಳಗೆ ಇನ್ನೂ ಉಳಿದಿರುವುದರಿಂದಲೇ, ಮೇಲ್ನೋಟಕ್ಕೇ ತಪ್ಪೆಂದು ಗೊತ್ತಾಗುವ ವಾದವನ್ನು ಸ್ಪೀಷಸ್ ಎನ್ನಲಾಗದು. ಕೇಳಿದೊಡನೆ ತಲೆದೂಗಿಸುವಷ್ಟು ಸೊಗಸು ಅದಕ್ಕಿರಬೇಕು. ‘ಇದು ನಿಸರ್ಗದಲ್ಲಿ ಸಿಗುವ ಮೂಲಿಕೆ, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತು ಒಳ್ಳೆಯ ಉದಾಹರಣೆ: ಹಾವಿನ ವಿಷವೂ ನಿಸರ್ಗದ್ದೇ ಎಂದು ನೆನಪಾಗುವವರೆಗೆ ಅದು ನಂಬುವಂತೆಯೇ ಇರುತ್ತದೆ.

ಉತ್ತರ 2:
ಕನ್ನಡದಲ್ಲಿ ಇದಕ್ಕೆ ‘ಪೊಳ್ಳು ವಾದ’ ಎಂದು ಬರೆಯುವವರಿದ್ದಾರೆ. ಅದರಲ್ಲಿ ಟೊಳ್ಳುತನ ಬರುತ್ತದೆ, ಸೊಗಸು ಬರುವುದಿಲ್ಲ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದ ‘ಹೇತ್ವಾಭಾಸ’ ನನಗೆ ಹೆಚ್ಚು ಹತ್ತಿರವೆನಿಸುತ್ತದೆ, ಏಕೆಂದರೆ ಹೇತು (ಸರಿಯಾದ ಕಾರಣ) ಅಲ್ಲದಿದ್ದರೂ ಹೇತುವಿನಂತೆ ಹೊಳೆಯುವುದೇ ಹೇತ್ವಾಭಾಸ. ಆದರೆ ಆಡುಮಾತಿನಲ್ಲಿ ‘ಆಭಾಸ’ಕ್ಕೆ ಮುಜುಗರದ ಅರ್ಥ ಬಂದುಬಿಟ್ಟಿದೆ, ಆದ್ದರಿಂದ ಸಾಮಾನ್ಯ ಓದುಗರಿಗೆ ಬರೆಯುವಾಗ ನಾನು ‘ಮೇಲ್ನೋಟಕ್ಕೆ ಒಪ್ಪುವಂತಿರುವ ವಾದ’ ಎಂದೇ ಬಿಡಿಸಿ ಬರೆಯುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ: ಒಬ್ಬರ ವಾದವನ್ನು ಸ್ಪೀಷಸ್ ಎಂದರೆ ಅವರನ್ನು ಮೋಸಗಾರರೆಂದು ಕರೆದಂತಾಗುವುದೇ?

ಉತ್ತರ 1:
ಆಗಬೇಕೆಂದಿಲ್ಲ. ವಾದ ಮಂಡಿಸಿದವರು ತಾವೇ ಅದನ್ನು ಮನಸಾರೆ ನಂಬಿರಬಹುದು. ದೋಷ ವಾದದಲ್ಲಿದೆ ಎಂದಷ್ಟೇ ಪದ ಹೇಳುತ್ತದೆ. ಆದರೂ ಪದಕ್ಕೆ ಚುಚ್ಚುವ ಗುಣವಿದೆ. ಆದ್ದರಿಂದ ಅದನ್ನು ಬಳಸಿದ ಮುಂದಿನ ವಾಕ್ಯದಲ್ಲೇ ತರ್ಕ ಎಲ್ಲಿ ತಪ್ಪಿದೆ ಎಂಬುದನ್ನು ತೋರಿಸಿಬಿಡಿ.