ಅಪ್‌ಡೇಟ್: ಗೀರು ಬಿದ್ದ ಸ್ಪೀಡ್‌ಮಾಸ್ಟರ್ ತಗೊಂಡೆ

ಸೆಕೆಂಡ್ ಹ್ಯಾಂಡ್ ಒಮೆಗಾ ಸ್ಪೀಡ್‌ಮಾಸ್ಟರ್ ವಾಚ್ ಸಿಗುತ್ತಿದೆ, ಗಾಜಿನ ತುಂಬ ಗೀರು, ಕೇಸ್ (ಹೊರಗಿನ ಲೋಹದ ಕವಚ) ಅಂಚಿನಲ್ಲಿ ಸಣ್ಣ ತಗ್ಗು, ತಗೊಳ್ಳಲಾ ಬೇಡ್ವಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ತಗೊಂಡೆ, ತುಂಬಾ ಖುಷಿಯಾಗಿದೆ!

ಗೀರು ದೊಡ್ಡ ವಿಷಯವೇ ಅಲ್ಲ. ಈ ವಾಚಿನಲ್ಲಿ ಗಾಜಿನ ಜಾಗದಲ್ಲಿರುವುದು ಹೆಸಲೈಟ್, ಅಂದರೆ ಒಂದು ಬಗೆಯ ಅಕ್ರಿಲಿಕ್ ಪ್ಲಾಸ್ಟಿಕ್. ಪಾಲಿಶ್ ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದೆ, ಹೆಚ್ಚಿನವು ಮಾಯವಾದವು. ಸಫೈರ್ ಗಾಜಾಗಿದ್ದರೆ ಇದು ಆಗುತ್ತಿರಲಿಲ್ಲ, ಬದಲಿಸಬೇಕಿತ್ತು.

"ಹೊರಗಿಂದಲ್ಲ, ಒಳಗಿಂದ ನೋಡಿ" ಅಂದಿರಲ್ವಾ, ಆ ಮಾತೇ ಕೈ ಹಿಡಿಯಿತು. ದುಡ್ಡು ಕೊಡುವ ಮೊದಲು ಅನುಭವಿ ವಾಚ್ ರಿಪೇರಿಯವರ ಹತ್ತಿರ ಹಿಂದಿನ ಮುಚ್ಚಳ ತೆಗೆಸಿದೆ. ಒಳಗಿರುವುದು ಕೈಯಿಂದ ಕೀ ಕೊಡುವ 1861 ಮೂವ್‌ಮೆಂಟ್, ಅಂದರೆ ವಾಚ್ ಓಡಿಸುವ ಯಂತ್ರ. ತುಕ್ಕಿಲ್ಲ, ನೀರು ಹೋದ ಗುರುತಿಲ್ಲ. ವಾಚ್ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟಾಗ ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲೆನ್ಸ್ ಚಕ್ರ ಎಷ್ಟು ತಿರುಗುತ್ತದೆ ಅನ್ನೋ ಅಳತೆ) ಸ್ವಲ್ಪ ಕಡಿಮೆ ಬಂತು. ಎಣ್ಣೆ ಒಣಗಿದೆ, ಸರ್ವಿಸ್ ಮಾಡಿಸಿ ಅಂದರು. ಮಾರುವವರಿಗೆ ಅದನ್ನೇ ತೋರಿಸಿದೆ. ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದರು. ವಾಚಿನ ಸೀರಿಯಲ್ ನಂಬರ್ ಅದರ ಜೊತೆ ಬಂದ ಕಾರ್ಡಿನಲ್ಲಿದ್ದ ನಂಬರಿಗೆ ಸರಿಹೊಂದಿತು.

ತಗ್ಗನ್ನು ಹಾಗೇ ಬಿಟ್ಟಿದ್ದೇನೆ. ಪಾಲಿಶ್ ಹೊಡೆದರೆ ಲೋಹ ಸವೆದು ಕೇಸಿನ ಚೂಪಾದ ಅಂಚು ಉರುಟಾಗುತ್ತದೆ. ಮತ್ತೆ ಮಾರುವಾಗ ಬೆಲೆ ಇಳಿಯುವುದು ಅದರಿಂದಲೇ ಜಾಸ್ತಿ. ಈಗ ವಾಚ್ ಸರ್ವಿಸ್‌ಗೆ ಹೋಗಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.